ವರ್ಲನ್ ಟಿಡ್ಮೋರನ ಸೊನ್ನೆ ಬ್ರೇಕು

ಗಂಟರ್ಸ್‌ವಿಲ್ ಸರೋವರದ ದಂಡೆಯಲ್ಲಿರುವ ನನ್ನ ಗಾಳದಂಗಡಿಯ ಗೋಡೆಗೆ ಒಂದು ಹಲಗೆ ಹೊಡೆದಿದೆ. ಅದರ ಮೇಲೆ ನಲವತ್ತೊಂದು ಹಕ್ಕಿಗೂಡುಗಳಿವೆ. ಒಂದನ್ನೂ ಹಕ್ಕಿ ಕಟ್ಟಿದ್ದಲ್ಲ. ಎಲ್ಲ ಮನುಷ್ಯರೇ ಕಟ್ಟಿದ್ದು, ಅದೂ ದೇವರ ಹೆಸರನ್ನು ಕರೆಯಬಾರದ ರೀತಿಯಲ್ಲಿ ಕರೆಯುತ್ತ ಕಟ್ಟಿದ್ದು. ಪ್ರತಿ ಗೂಡಿನ ಕೆಳಗೆ ಕಟ್ಟಿದವನ ಹೆಸರು, ತಾರೀಖು. ನಲವತ್ತೊಂದರಲ್ಲಿ ಮೂವತ್ತಮೂರು ವರ್ಲನ್ ಟಿಡ್ಮೋರನವು. ಉಳಿದ ಎಂಟನ್ನು ಇಡೀ ಜಿಲ್ಲೆಯ ಜನ ಸೇರಿ, ಇಪ್ಪತ್ತು ವರ್ಷದಲ್ಲಿ, ಹೇಗೋ ಕಷ್ಟಪಟ್ಟು ಒಟ್ಟುಮಾಡಿದ್ದಾರೆ.

ಬಾಸ್ ಮೀನು ಹಿಡಿಯಲು ನಾವು ಗಾಳದ ಕೋಲಿಗೆ ಹಾಕುವ ರೀಲು ಸ್ವಲ್ಪ ಜಾತಿಗೆಟ್ಟ ಕುದುರೆ. ಕೋಲು ಬೀಸಿದಾಗ ದಾರದ ತುದಿಗೆ ಎರೆಯಾಗಿ ಕಟ್ಟಿದ ಸುಳ್ಳುಮೀನು ಹಾರುತ್ತದೆ, ಅದರ ಹಿಂದೆ ಉರುಳೆ ಗರಗರ ತಿರುಗಿ ದಾರ ಕೊಡುತ್ತದೆ. ಸುಳ್ಳುಮೀನು ಗಾಳಿಯಲ್ಲಿ ನಿಧಾನವಾದ ಸುದ್ದಿ ಉರುಳೆಗೆ ತಲುಪದಿದ್ದರೆ, ಇಳಿಜಾರಿನಲ್ಲಿ ಎತ್ತು ನಿಂತರೂ ಬಂಡಿ ನಿಲ್ಲದ ಹಾಗೆ, ಅದು ಕೊಡುತ್ತಲೇ ಇರುತ್ತದೆ. ತೆಗೆದುಕೊಳ್ಳುವವರಿಲ್ಲದ ದಾರ ಅಲ್ಲೇ ಉಬ್ಬಿ, ಮಡಚಿ, ಒಂದರೊಳಗೊಂದು ನುಗ್ಗಿ ಗೂಡಾಗುತ್ತದೆ. ಬಿಡಿಸಲು ಬಾರದ ಗೂಡನ್ನು ಕತ್ತರಿಸಿ ತೆಗೆದರೆ ಅದು ನನ್ನ ಹಲಗೆಗೆ. ಹಾಗಾಗದಿರಲೆಂದು ರೀಲು ಮಾಡಿದ ಪುಣ್ಯಾತ್ಮರು ಎರಡು ತಿರುಪು ಇಟ್ಟಿದ್ದಾರೆ. ಹಿಡಿಕೆಯ ಪಕ್ಕದ ಸಣ್ಣದು ಬಿಗಿಯದು. ಉರುಳೆಯನ್ನು ಎರಡು ಕಡೆಯಿಂದ ಒತ್ತಿ ಹಿಡಿಯುತ್ತದೆ. ಆಚೆ ಮಗ್ಗುಲಿನ ದೊಡ್ಡದು ಬ್ರೇಕಿನದು, ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆದದ್ದು. ಉರುಳೆ ಹುಚ್ಚು ಹಿಡಿದು ತಿರುಗುವಾಗ ಒಳಗಿನ ಅಯಸ್ಕಾಂತದಿಂದ ಅದರ ಕಿವಿ ಹಿಂಡುತ್ತದೆ. ಕೊನೆಗೆ ಹೆಬ್ಬೆರಳು ಇದ್ದೇ ಇದೆ.

ವರ್ಲನ್ ನಂಬಿದ್ದು ಹೆಬ್ಬೆರಳೊಂದನ್ನೇ. ಅವನ ಬ್ರೇಕು ಯಾವಾಗಲೂ ಸೊನ್ನೆಯಲ್ಲಿರುತ್ತಿತ್ತು. ಬಿಗಿಯ ತಿರುಪನ್ನಂತೂ ಎಷ್ಟು ಸಡಿಲ ಬಿಟ್ಟಿದ್ದನೆಂದರೆ, ಅವನು ನಡೆದು ಬಂದರೆ ಉರುಳೆ ಗಿಲಕಿಯ ಹಾಗೆ ಸದ್ದು ಮಾಡಿ, ಮೀನುಗಳೆಲ್ಲ ಓಹೋ ಶನಿವಾರ ಬಂತು ಎಂದು ನೆಮ್ಮದಿಯಾಗಿ ದಂಡೆಯ ಕಡೆಗೇ ಬರುತ್ತಿದ್ದವು. "ಬ್ರೇಕ್ ಹಾಕಿ ಗಾಳ ಎಸೆಯೋದೂ ಒಂದೇ, ಟೋಪಿ ಹಾಕ್ಕೊಂಡು ತಲೆ ಬಾಚ್ಕೊಳ್ಳೋದೂ ಒಂದೇ" ಎಂಬುದು ಅವನ ಮಾತು. ಇದನ್ನು ಅವನು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಮಡಿಲಲ್ಲಿ ಗೂಡಿಟ್ಟುಕೊಂಡು, ಸೂಜಿಯಿಂದ ಸಿಕ್ಕು ಬಿಡಿಸುತ್ತಲೇ ಹೇಳುತ್ತಿದ್ದ.

ಅವನ ಧೈರ್ಯಕ್ಕೆ ಕಾರಣವಿತ್ತು. ಗುಡ್ಡದ ಮೇಲಿನ ಕಾಲುಚೀಲದ ಗಿರಣಿಯಲ್ಲಿ ಮೂವತ್ತೊಂದು ವರ್ಷ ಅವನು ನೂಲಿನ ಬಿಗಿ ನೋಡುವ ಮೇಸ್ತ್ರಿಯಾಗಿದ್ದ. ಹೆಣೆಯುವ ಯಂತ್ರಗಳ ನಡುವೆ ತಿರುಪುಳಿ ಹಿಡಿದು ಓಡಾಡಿ, ಎಲ್ಲದಕ್ಕೂ ಒಂದೊಂದು ಸುತ್ತು ಕೊಟ್ಟು ಬರುವುದು ಅವನ ಕೆಲಸ. ಅವನು ಮುಟ್ಟಿದ ಯಂತ್ರದಿಂದ ಹೊರಬಂದ ಜೋಡಿಯಲ್ಲಿ ಒಂದು ಚೀಲ ಆನೆಯ ಕಾಲಿಗಾದರೆ ಇನ್ನೊಂದು ಕೋಳಿಮರಿಯ ಕಾಲಿಗಾಗುತ್ತಿತ್ತು. ಆದರೂ ಗಿರಣಿ ಮೂವತ್ತೊಂದು ವರ್ಷ ನಡೆಯಿತಲ್ಲ, ಹೇಗೆ? ಅವನ ಹಿಂದೆಯೇ ಎರಡು ಸಾಲು ಬಿಟ್ಟು ಮೋಜೆಲ್ ಬರುತ್ತಿದ್ದಳು. ಅವಳು ತಪಾಸಣೆಯ ಮೇಜಿನವಳು. ವರ್ಲನ್ ಆ ಕಡೆ ತಿರುಗಿದೊಡನೆ ಈ ಕಡೆ ತಿರುಪನ್ನು ಮೊದಲಿದ್ದಲ್ಲಿಗೆ ತಂದು ಬಿಡುತ್ತಿದ್ದಳು. ಕಾಲುಚೀಲ ಸರಿಬಂದಾಗ ಅವನು ಎದೆಯುಬ್ಬಿಸಿ ನೋಡುತ್ತಿದ್ದ. ಕೊನೆಗೆ ಈ ತಿರುಗಾಟದಲ್ಲೇ ಪರಿಚಯವಾಗಿ ಇಬ್ಬರೂ ಮದುವೆಯಾದರು. ಅವಳು ಯಾಕೆ ಒಪ್ಪಿದಳೆಂದು ನಾನೊಮ್ಮೆ ಕೇಳಿದ್ದೆ. ದಿನವೂ ಅವನ ಹಿಂದೆ ನಡೆಯುವ ಅಭ್ಯಾಸ ಹೇಗೂ ಆಗಿತ್ತಂತೆ.

ವರ್ಲನ್‌ಗೆ ಸ್ವಂತ ದೋಣಿ ಇರಲಿಲ್ಲ. ಮೋಜೆಲಳ ತಮ್ಮ ಹರ್ಷೆಲನಿಗಿತ್ತು. ನಮ್ಮಲ್ಲಿ ದೋಣಿಯ ಒಡೆಯ ಮುಂದಿನ ಕುರ್ಚಿಯಲ್ಲಿದ್ದು ದೋಣಿ ನಡೆಸುತ್ತ ಹೊಸ ನೀರಿಗೆ ಗಾಳ ಎಸೆಯುತ್ತಾನೆ. ಹಿಂದೆ ಕೂತವನು ಅವನು ಬಿಟ್ಟ ನೀರಿಗೆ ಎಸೆಯುತ್ತಾನೆ. ಎಂಜಲು ನೀರಾದರೂ ಕುರ್ಚಿ ಕುರ್ಚಿಯೇ. ಹರ್ಷೆಲನ ದೋಣಿಯ ಹಿಂದಿನ ಕುರ್ಚಿಯಲ್ಲಿ ವರ್ಲನ್ ಹತ್ತೊಂಬತ್ತು ವರ್ಷ ಕೂತಿದ್ದ. ಮೆತ್ತೆ ಅವನ ಆಕಾರಕ್ಕೆ ಎಷ್ಟು ತಗ್ಗಿತ್ತೆಂದರೆ, ಮಳೆ ಬಂದರೆ ಅದರಲ್ಲಿ ಬಾತುಕೋಳಿ ಈಜುತ್ತಿತ್ತು.

ಏಪ್ರಿಲಿನಲ್ಲಿ ನಮ್ಮ ಬ್ಯಾಪ್ಟಿಸ್ಟ್ ಸಭೆಯ ಮೀನಿನ ಪಂದ್ಯ. ದೋಣಿಗೆ ಇಬ್ಬರು, ಐದು ಮೀನು, ತೂಕ ಹೆಚ್ಚಾದವರಿಗೆ ಬಹುಮಾನ. ಒಂದು ವರ್ಷ ಹರ್ಷೆಲ್ ಮತ್ತು ವರ್ಲನ್ ಒಂದು ಕೋಳಿಮೊಟ್ಟೆಯಷ್ಟು ತೂಕದಲ್ಲಿ ಸೋತಿದ್ದರು. ಬಾಸ್‌ಗಳು ನೀರ ಮೇಲೆ ಕುದಿಯುವ ಹಾಗೆ ಏಳುತ್ತಿದ್ದ ಆ ಮುಕ್ಕಾಲು ಗಂಟೆಯಲ್ಲಿ ವರ್ಲನ್ ಕೂತು ಗೂಡು ಬಿಡಿಸುತ್ತಿದ್ದ. ಅದು ಪದ್ಧತಿ: ಗೂಡು ಕಟ್ಟಿದವನು ಅದನ್ನು ಬಿಡಿಸುವ ತನಕ ಎಸೆಯುವಂತಿಲ್ಲ, ಬೇರೆ ಯಾರೂ ಅದಕ್ಕೆ ಕೈ ಹಚ್ಚುವಂತಿಲ್ಲ. ನಮ್ಮ ಸರೋವರದಲ್ಲಿ ಇನ್ನೊಬ್ಬನ ನಾಯಿಯನ್ನು ಕರೆದು ಸಾಕಬಹುದು, ಟ್ರಕ್ಕನ್ನು ಕೇಳದೆ ಒಯ್ಯಬಹುದು. ಅವನ ರೀಲಿನ ತಿರುಪನ್ನು ಮಾತ್ರ ಮುಟ್ಟಬಾರದು.

ಮರುವರ್ಷ ಪಂದ್ಯಕ್ಕೆ ಹತ್ತು ದಿನ ಇರುವಾಗ ಹರ್ಷೆಲ್ ನನ್ನ ಅಂಗಡಿಯಲ್ಲಿ, ವರ್ಲನ್‌ನ ಎದುರಿಗೇ, ಬೇಯಿಸಿದ ಕಡಲೆಕಾಯಿ ಸುಲಿಯುತ್ತ, ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟಿದ್ದನ್ನು ಹೊರಹಾಕಿದ.

"ಭಾವ, ಬೇಜಾರ್ ಮಾಡ್ಕೋಬೇಡ. ಈ ಸಲ ನಾನು ಬೇರೆ ಯಾರನ್ನಾದ್ರೂ ಕೂರಿಸ್ಕೋತೀನಿ."

"ಯಾರನ್ನ?"

"ಯಾರಾದ್ರೂ ಸರಿ. ಹೆಣೆಯೋಕೆ ಬರದೇ ಇರೋರು."

ಅಂಗಡಿ ನಕ್ಕಿತು. ವರ್ಲನ್ ನಗಲಿಲ್ಲ. ಅವನ ಮುಖ ನೋಡಿ ನನಗೂ ಒಂದು ಗಳಿಗೆ ಕನಿಕರವಾಯಿತು, ಆದರೆ ಅವನು ಬಾಯಿ ತೆರೆದೊಡನೆ ಅದು ಹೋಯಿತು. ಗೂಡಾದದ್ದೆಲ್ಲ ದಾರದ ತಪ್ಪು, ಗಾಳಿಯ ತಪ್ಪು, ಮುಂದೆ ನಿಂತು ದೋಣಿ ಅಲ್ಲಾಡಿಸಿದವನ ತಪ್ಪು ಎಂದು ಅವನು ವಾದಿಸಿದ. ಕೊನೆಗೆ ಒಂದು ಒಪ್ಪಂದವಾಯಿತು. ಬರುವ ಶನಿವಾರ ಸೂರ್ಯ ಹುಟ್ಟಿದಾಗಿನಿಂದ, ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಬಿರುಗಾಳಿ ಸೈರನ್ನು ಪರೀಕ್ಷೆಗೆಂದು ಕೂಗುವವರೆಗೆ ಒಂದೂ ಗೂಡಾಗದಿದ್ದರೆ ಕುರ್ಚಿ ವರ್ಲನ್‌ದು, ಸಾಯುವ ತನಕ. ಒಂದಾದರೂ ಹೋಯಿತು. ಸಾಕ್ಷಿಗೆ ನಾನು ನಡುವೆ ಕೂರಬೇಕು.

ಗುರುವಾರ ಮಧ್ಯಾಹ್ನ ಮೋಜೆಲ್ ಅಂಗಡಿಗೆ ಬಂದಳು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಗಂಡನ ರೀಲು! ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಯಾರೋ ಪಾದ್ರಿಯ ಹಲ್ಲಿನ ಸೆಟ್ಟು ಕದ್ದು ತಂದ ಹಾಗಿತ್ತು.

"ನೀನು ಮುಟ್ಟೋದು ಬೇಡ ಅಣ್ಣ, ಬಾಯಲ್ಲಿ ಹೇಳು ಸಾಕು. ಈ ಎರಡು ತಿರುಪು ಏನ್ ಮಾಡ್ತವೆ?" ಎಂದಳು.

ನಾನು ಕೈ ಹಿಂದೆ ಕಟ್ಟಿಕೊಂಡು ಹೇಳಿದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು. "ಅಂದ್ರೆ ಗಿರಣಿಯಲ್ಲಿ ಇದ್ದ ಹಾಗೇನೆ. ನೂಲು ಉರುಳೆ ಬಿಡೋವಾಗ ಎಷ್ಟು ಹಿಡೀಬೇಕು ಅನ್ನೋದು ಒಂದು, ಯಂತ್ರ ಜೋರಾದಾಗ ಎಷ್ಟು ಹಿಡೀಬೇಕು ಅನ್ನೋದು ಇನ್ನೊಂದು. ಒಂದರ ಕೆಲಸ ಇನ್ನೊಂದು ಮಾಡಲ್ಲ." ಇಪ್ಪತ್ತು ವರ್ಷದಿಂದ ನಾನು ಗಿರಾಕಿಗಳಿಗೆ ಅರ್ಧರ್ಧ ಗಂಟೆ ವಿವರಿಸಿದರೂ ತಲೆಗೆ ಹೋಗದ್ದನ್ನು ಅವಳು ಉಗುಳು ನುಂಗುವಷ್ಟರಲ್ಲಿ ಹೇಳಿ ಮುಗಿಸಿದಳು.

ಕೋಲಿಗೆ ರೀಲು ಹಾಕಿ, ಶನಿವಾರ ಅವನು ಕಟ್ಟಲಿದ್ದ ಸುಳ್ಳುಮೀನನ್ನೇ ಕಟ್ಟಿ, ಕೋಲಿನ ತುದಿಯನ್ನು ಎತ್ತಿ ಹಿಡಿದು ಉರುಳೆಯನ್ನು ಬಿಡುವ ಗುಂಡಿ ಒತ್ತಿದಳು. ಸುಳ್ಳುಮೀನು ಕಲ್ಲಿನ ಹಾಗೆ ದೊಪ್ಪನೆ ಬಿತ್ತು. ಉರುಳೆ ಆಮೇಲೂ ತಿರುಗುತ್ತಲೇ ಇತ್ತು. ಬಿಗಿಯ ತಿರುಪನ್ನು ಕೂದಲೆಳೆಯಷ್ಟು ತಿರುವಿ ಮತ್ತೆ ಬಿಟ್ಟಳು. ಮತ್ತೆ ತಿರುವಿದಳು. ಐದನೆಯ ಸಲ ಸುಳ್ಳುಮೀನು ಮಂಡಿನೋವಿನ ಮುದುಕ ಪ್ರಾರ್ಥನೆಗೆ ಮೊಣಕಾಲೂರುವ ಹಾಗೆ ಮೆಲ್ಲಗೆ ಇಳಿಯಿತು. ಅದು ನೆಲ ಮುಟ್ಟಿದ ಕ್ಷಣವೇ ಉರುಳೆಯೂ ನಿಂತಿತು. ಆಮೇಲೆ ಬ್ರೇಕನ್ನು ಆರಕ್ಕೆ ತಂದಳು. ಅಂಗಡಿಯ ಹಿಂದಿನ ಬಯಲಿಗೆ ಹೋಗಿ ಇಪ್ಪತ್ತು ಸಲ ಎಸೆದಳು. ಮೊದಲ ಎರಡು ಬೇಲಿಗೆ ಹೋದವು. ಉಳಿದ ಹದಿನೆಂಟು ಸಣ್ಣ ಮೀನು ಇಡುವ ನನ್ನ ಬಕೆಟ್ಟಿನೊಳಗೆ ಬಿದ್ದವು. ಹತ್ತೊಂಬತ್ತನೆಯದಕ್ಕೆ ಬಕೆಟ್ಟೇ ಎರಡು ಹೆಜ್ಜೆ ಮುಂದೆ ಬಂದು ನಿಂತಿತೆಂದರೆ ನೀವು ನಂಬುವುದಿಲ್ಲ, ಬಿಡಿ.

ಇಷ್ಟು ಕಷ್ಟ ಯಾಕೆ, ಅವನ ಕುರ್ಚಿ ಉಳಿಯಲೆಂದೇ ಎಂದು ಕೇಳಿದೆ.

"ಕುರ್ಚಿ ಹಾಳಾಗ್ಲಿ" ಎಂದಳು ರೀಲನ್ನು ಡಬ್ಬಿಗೆ ಹಾಕುತ್ತ. "ಕುರ್ಚಿ ಹೋದ್ರೆ ಅವನು ಶನಿವಾರ ಮನೇಲಿರ್ತಾನೆ. ಹತ್ತೊಂಬತ್ತು ವರ್ಷದಿಂದ ನನಗೆ ಅಂತ ಇರೋದು ಅದೊಂದೇ ದಿನ, ಅಣ್ಣ."

ಶನಿವಾರ ಬೆಳಗ್ಗೆ ಮೂವರೂ ನೀರಿಗಿಳಿದೆವು. ಹಿಂದಿನಿಂದ ಹಿತವಾದ ಗಾಳಿ. ವರ್ಲನ್ ರೀಲನ್ನು ನೋಡಲೂ ಇಲ್ಲ. ಸೊನ್ನೆಯಲ್ಲಿರುವುದನ್ನು ಏನು ನೋಡುವುದು? ಬೀಸಿದ. ಸುಳ್ಳುಮೀನು ಸುಯ್ಯನೆ ಹೋಗಿ ಜೊಂಡಿನ ಅಂಚಿಗೆ ತೊಟ್ಟಿಕ್ಕಿದ ಹಾಗೆ ಇಳಿಯಿತು. ಅವನಿಗೇ ಆಶ್ಚರ್ಯವಾಗಿ ಕೋಲನ್ನು ಒಮ್ಮೆ ನೋಡಿದ. ಎರಡನೆಯದೂ ಹಾಗೆಯೇ. ಐವತ್ತನೆಯದೂ ಹಾಗೆಯೇ. ಹತ್ತು ಗಂಟೆಯ ಹೊತ್ತಿಗೆ ಎರಡು ಒಳ್ಳೆಯ ಬಾಸ್ ಹಿಡಿದಿದ್ದ. ಹತ್ತೂಕಾಲರ ಹೊತ್ತಿಗೆ ಉಪದೇಶ ಶುರು ಮಾಡಿದ.

ಆ ಉಪದೇಶ ಒಂದೂವರೆ ಗಂಟೆಯ ಮೇಲೆ ನಡೆಯಿತು. ಹೆಬ್ಬೆರಳು ಎಂಬುದು ದೇವರು ಕೊಟ್ಟ ಬ್ರೇಕು, ಉಳಿದದ್ದೆಲ್ಲ ಕಾರ್ಖಾನೆಯವರು ಹೆಬ್ಬೆರಳಿಲ್ಲದವರಿಗೆ ಮಾರುವ ಸರಕು ಎಂದ. ಹೀಗೆ ಎಸೆಯುವವರು ಈ ಸರೋವರದ ಉದ್ದಕ್ಕೂ ಮೂವರೇ, ಅವರಲ್ಲಿ ಇಬ್ಬರು ಸತ್ತಿದ್ದಾರೆ ಎಂದ. ದಂಡೆಯ ಆಮೆಗಳು ಒಂದೊಂದಾಗಿ ದಿಮ್ಮಿಯಿಂದ ನೀರಿಗೆ ಧುಮುಕಿದವು. ಹರ್ಷೆಲ್ ಮೂರು ಸಲ ನನ್ನ ಮುಖ ನೋಡಿದ. ಗುಟ್ಟು ಕಾಪಾಡುವುದಕ್ಕಾಗಿ ನಾನು ಬಾಯಿ ತುಂಬ ಕಡಲೆಕಾಯಿ ತುಂಬಿಕೊಂಡಿದ್ದೆ.

ಹನ್ನೆರಡಕ್ಕೆ ಐದು ನಿಮಿಷವಿತ್ತು. ಗಾಳಿ ತಿರುಗಿ ಎದುರಿನಿಂದ ಬೀಸತೊಡಗಿತ್ತು. ಹರ್ಷೆಲ್ ಕೋಲು ಕೆಳಗಿಟ್ಟು, ಸೋತವನ ನಗೆ ನಕ್ಕು, "ಆಯ್ತು ಭಾವ, ಕುರ್ಚಿ ನಿಂದೇ. ಹೋಗೋಣ ನಡಿ" ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು.

"ಹೋಗೋಣ ಅಂತೆ. ಮೊದಲು ಇಲ್ ನೋಡು" ಎಂದ ವರ್ಲನ್. ರೀಲನ್ನು ಮೈದುನನ ಮೂಗಿಗೆ ತಾಗುವ ಹಾಗೆ ಹಿಡಿದ. "ಸೊನ್ನೆ. ಕಣ್ ಬಿಟ್ಟು ಓದ್ಕೋ. ಸೊನ್ನೆ!"

ಹರ್ಷೆಲ್ ಕಣ್ಣು ಬಿಟ್ಟು ಓದಿಕೊಂಡ. ಆಮೇಲೆ ಕನ್ನಡಕ ಹಾಕಿ ಓದಿಕೊಂಡ.

"ಭಾವ, ನಮ್ಮ ಸ್ಕೂಲಲ್ಲಿ ಇದಕ್ಕೆ ಆರು ಅಂತಿದ್ರು."

ವರ್ಲನ್ ರೀಲನ್ನು ತನ್ನ ಕಡೆಗೆ ತಿರುಗಿಸಿದ. ಅವನ ಕತ್ತಿನಿಂದ ಕೆಂಪು ಏರತೊಡಗಿ ಟೋಪಿಯವರೆಗೆ ಹೋಯಿತು. ಯಾರೋ ಮುಟ್ಟಿದ್ದಾರೆ ಎಂದ. ಹಾಗಾದರೆ ಬೆಳಗ್ಗೆಯಿಂದ ಅಷ್ಟು ಚೆನ್ನಾಗಿ ಎಸೆದದ್ದು ಬ್ರೇಕೋ ಹೆಬ್ಬೆರಳೋ ಎಂದು ಹರ್ಷೆಲ್ ಬಹಳ ವಿನಯದಿಂದ ಕೇಳಿದ. ಆದರೂ ಹುಡುಗನ ಮನಸ್ಸು ಒಳ್ಳೆಯದು, ಅರುವತ್ತು ದಾಟಿದ್ದರೂ ನನಗೆ ಅವನು ಹುಡುಗನೇ. ಆರೋ ಹತ್ತೋ, ಗೂಡಂತೂ ಆಗಲಿಲ್ಲ, ಮಾತು ಮಾತೇ, ಕುರ್ಚಿ ನಿನ್ನದೇ ಎಂದು ಎರಡು ಸಲ ಹೇಳಿದ. ನಾಲ್ಕು ನಿಮಿಷ ಸುಮ್ಮನಿದ್ದರೆ ಸಾಕಿತ್ತು.

"ಬ್ರೇಕಿನ ಭಿಕ್ಷೆಯ ಕುರ್ಚಿ ನನಗೆ ಬೇಡ" ಎಂದ ವರ್ಲನ್.

ದೊಡ್ಡ ತಿರುಪನ್ನು ಟಕಟಕ ಎಂದು ಸೊನ್ನೆಗೆ ತಂದ. ಸಣ್ಣದನ್ನು ಉರುಳೆ ಗಿಲಕಿಯಾಡುವವರೆಗೆ ಸಡಿಲಿಸಿದ. ಗಾಳಿ ಎದುರಿಗೇ ಇತ್ತು. ಅಂಥ ಗಾಳಿಗೆ ಬ್ರೇಕಿನ ಕುಲದೇವರು ಕೂಡ ಆರನ್ನು ಎಂಟು ಮಾಡಿಕೊಳ್ಳುತ್ತಾನೆ. ನಾನು ಬಾಯಲ್ಲಿದ್ದ ಕಡಲೆಕಾಯಿಯನ್ನು ಉಗಿದು, ಬೇಡ ಎಂದೆ. ಅವನು ಎರಡೂ ಕೈಯಲ್ಲಿ ಕೋಲು ಹಿಡಿದು, ಮೂವತ್ತೊಂದು ವರ್ಷದ ಗಿರಣಿ, ಹತ್ತೊಂಬತ್ತು ವರ್ಷದ ಕುರ್ಚಿ ಎಲ್ಲವನ್ನೂ ಬೆನ್ನಿಗೆ ತಂದುಕೊಂಡು ಬೀಸಿದ.

ಸುಳ್ಳುಮೀನು ಒಂದು ಮಾರು ಹೋಗಿ, ಗಾಳಿಯ ಮುಖ ನೋಡಿ, ಮನಸ್ಸು ಬದಲಿಸಿ ದೋಣಿಯ ಪಕ್ಕದಲ್ಲೇ ಬಿತ್ತು. ಉರುಳೆಗೆ ಯಾರೂ ಹೇಳಲಿಲ್ಲ. ಅದು ಟೆನೆಸಿಯ ಗಡಿಯವರೆಗೆ ಹೋಗುವ ಉತ್ಸಾಹದಲ್ಲಿ ಕಿರುಚುತ್ತ ತಿರುಗಿತು. ದಾರ ಮೊದಲು ನೊರೆಯ ಹಾಗೆ ಉಕ್ಕಿತು, ಆಮೇಲೆ ಹೂಕೋಸಾಯಿತು, ಆಮೇಲೆ ಕುರಿಯಾಯಿತು. ವರ್ಲನ್‌ನ ಹೆಬ್ಬೆರಳು, ಆ ದೇವರು ಕೊಟ್ಟ ಬ್ರೇಕು, ಒಳಗೆ ಸಿಕ್ಕಿಕೊಂಡಿತು. ಒಂದು ಗುಬ್ಬಚ್ಚಿ ಬಾಯಲ್ಲಿ ಹುಲ್ಲುಕಡ್ಡಿ ಹಿಡಿದು ಎರಡು ಸುತ್ತು ಬಂದು, ಇಷ್ಟು ದೊಡ್ಡ ಮನೆ ತನ್ನ ಸಂಸಾರಕ್ಕೆ ಹೆಚ್ಚಾಯಿತೆಂದು ಹೊರಟುಹೋಯಿತು. ಆಗ ಊರಿನ ಕಡೆಯಿಂದ ಹನ್ನೆರಡರ ಸೈರನ್ನು ಕೂಗಿತು, ನಿಧಾನವಾಗಿ, ಉದ್ದವಾಗಿ, ಯಾರೋ ತೀರಿಕೊಂಡ ಹಾಗೆ.

ದಂಡೆಯಲ್ಲಿ ಮೋಜೆಲ್ ಬ್ರೆಡ್ಡು, ಚಹ ತಂದು ನಿಂತಿದ್ದಳು. ವರ್ಲನ್ ಗೂಡು ತೊಟ್ಟ ಕೈಯನ್ನು ಎತ್ತಿ ಹಿಡಿದುಕೊಂಡೇ ಇಳಿದ. ತನ್ನ ರೀಲು ಮುಟ್ಟಿದ ಕಳ್ಳನನ್ನು ಹಿಡಿದು ಹಲಗೆಗೆ ಮೊಳೆ ಹೊಡೆಯುತ್ತೇನೆಂದು ಸಾರಿದ.

"ನಾನೇ ಮುಟ್ಟಿದ್ದು" ಎಂದಳು ಮೋಜೆಲ್. ಕತ್ತರಿ ತೆಗೆದು ಅವನ ಹೆಬ್ಬೆರಳನ್ನು ಬಿಡಿಸತೊಡಗಿದಳು. "ಗಿರಣಿಯಲ್ಲೂ ನಾನೇ ಮುಟ್ತಿದ್ದೆ. ಮೂವತ್ತೊಂದು ವರ್ಷ, ದಿನಾ. ಕೈ ಅಲ್ಲಾಡಿಸ್ಬೇಡ."

ವರ್ಲನ್ ಕೈ ಅಲ್ಲಾಡಿಸಲಿಲ್ಲ. ಬೇರೇನೂ ಅಲ್ಲಾಡಿಸಲಿಲ್ಲ. ದಾರದ ತುಂಡುಗಳು ಅವನ ಕಾಲ ಬಳಿ ಉದುರುತ್ತಿದ್ದವು. ಹರ್ಷೆಲ್ ಅಕ್ಕನ ಕೈಯನ್ನೂ, ಕತ್ತರಿಯನ್ನೂ, ದೂರದಲ್ಲಿದ್ದ ನನ್ನ ಬಕೆಟ್ಟನ್ನೂ ನೋಡಿದ. ಬಕೆಟ್ಟಿನ ಕಥೆಯನ್ನು ಅಷ್ಟರಲ್ಲಿ ನಾನು ಹೇಳಿಬಿಟ್ಟಿದ್ದೆ, ಕಡಲೆಕಾಯಿ ಮುಗಿದಿತ್ತು.

"ಅಕ್ಕ, ಬರೋ ಶನಿವಾರ ನಿಂಗೇನಾದ್ರೂ ಕೆಲಸ ಇದ್ಯಾ?"

ಮೋಜೆಲ್ ತನ್ನ ಶನಿವಾರಗಳನ್ನೆಲ್ಲ ಒಮ್ಮೆ ಮನಸ್ಸಿನಲ್ಲಿ ನೋಡಿಕೊಂಡಿರಬೇಕು. "ಇನ್ನು ಮನೇಲಿ ಏನಿರುತ್ತೆ, ಇವನಿರ್ತಾನೆ. ಬರ್ತೀನಿ" ಎಂದಳು.

ಪಂದ್ಯದಲ್ಲಿ ಅಕ್ಕ ತಮ್ಮ ಎರಡನೆಯವರಾದರು. ಮೋಜೆಲ್ ದೂರಕ್ಕೆ ಎಸೆಯಲೇ ಇಲ್ಲ. ಸುಳ್ಳುಮೀನು ಬದಲಿಸಿದಾಗಲೆಲ್ಲ ಒಮ್ಮೆ ಇಳಿಬಿಟ್ಟು ಬಿಗಿ ನೋಡಿ, ಗಾಳಿ ತಿರುಗಿದಾಗಲೆಲ್ಲ ಬ್ರೇಕು ತಿರುವಿ, ಹತ್ತಿರಕ್ಕೇ ಎಸೆದು, ದೂರ ಎಸೆಯುವವರು ದಾಟಿಹೋದ ಮೀನುಗಳನ್ನು ಎತ್ತಿಕೊಂಡಳು. ಎರಡನೆಯ ಬಹುಮಾನದಲ್ಲಿ ಅವಳ ಪಾಲಿಗೆ ಬಂದದ್ದು ದೋಣಿಗೆ ಹಾಕುವ ಒಂದು ಸಣ್ಣ ಮೋಟಾರು. ಮೋಟಾರು ಇದ್ದ ಮೇಲೆ ದೋಣಿ ಬೇಡವೇ ಎಂದು ಯಾರದೋ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಅಲ್ಯುಮಿನಿಯಂ ದೋಣಿಯೊಂದನ್ನು ಕೊಂಡು, ತೂತು ಮುಚ್ಚಿಸಿ ನೀರಿಗಿಳಿಸಿದಳು.

ವರ್ಲನ್ ಒಂದು ವರ್ಷ ದಂಡೆಯಿಂದಲೇ ಗಾಳ ಎಸೆದ. ಹಲಗೆಗೆ ಎರಡು ಗೂಡು ಸೇರಿಸಿದ. ಆಮೇಲೆ ಗೂಡು ತರುವುದು ನಿಂತುಹೋಯಿತು. ಹೋದ ಮಾರ್ಚಿನಲ್ಲಿ ಎಣ್ಣೆ ಹಾಕಿಸಲು ರೀಲು ತಂದ. ಆಚೆ ಮಗ್ಗುಲು ನೋಡಿದೆ. ಬ್ರೇಕಿನ ತಿರುಪಿನ ಮೇಲೆ ಒಂದೂ ಅಂಕಿ ಇರಲಿಲ್ಲ. ಸೊನ್ನೆಯಿಂದ ಹತ್ತರವರೆಗೆ ಎಲ್ಲವನ್ನೂ ಚಾಕುವಿನಿಂದ ನುಣ್ಣಗೆ ಕೆರೆದುಹಾಕಿದ್ದ.

ಅಂಕಿ ಎಲ್ಲಿ ಹೋದವು ಎಂದೆ.

"ಬಳಸಿ ಬಳಸಿ ಸವೆದುಹೋಯ್ತು" ಎಂದ.

ಅವನು ಬಳಸಿದ್ದು ಸೊನ್ನೆಯೊಂದನ್ನೇ ಅಲ್ಲವೇ, ಉಳಿದ ಹತ್ತು ಹೇಗೆ ಸವೆದವು ಎಂದು ಕೇಳಬಹುದಿತ್ತು. ಪದ್ಧತಿಯ ಪ್ರಕಾರ ತಿರುಪನ್ನು ಮುಟ್ಟದೆ ಎಣ್ಣೆ ಮಾತ್ರ ಬಿಟ್ಟು ಕೊಟ್ಟೆ.

ಈಗ ಶನಿವಾರ ಬೆಳಗ್ಗೆ ನನ್ನ ಕಟ್ಟೆಯಿಂದ ನೋಡಿದರೆ ಆ ಅಲ್ಯುಮಿನಿಯಂ ದೋಣಿ ಹೋಗುವುದು ಕಾಣುತ್ತದೆ. ಮುಂದೆ ಮೋಜೆಲ್. ಹಿಂದೆ, ಅವಳು ಬಿಟ್ಟ ನೀರಿಗೆ ಎಸೆಯುತ್ತ, ವರ್ಲನ್. ಒಂದೂ ಗೂಡಿಲ್ಲದೆ, ಮೆಲ್ಲಗೆ, ಹಿತವಾಗಿ ಎಸೆಯುತ್ತಾನೆ. ಮಾತು ಮಾತ್ರ ನೀರ ಮೇಲೆ ಅಂಗಡಿಯವರೆಗೂ ಕೇಳಿಸುತ್ತದೆ: ಬ್ರೇಕು ಹೆಬ್ಬೆರಳಿಲ್ಲದವರಿಗಂತೆ. ಮೋಜೆಲ್ ಹಿಂದೆ ತಿರುಗಿಯೂ ನೋಡುವುದಿಲ್ಲ. ಅವನು ಶೌಚಕ್ಕೆಂದು ದಂಡೆಗಿಳಿದಾಗ ಮಾತ್ರ ಕೈ ಚಾಚಿ, ಅಂಕಿಯಿಲ್ಲದ ಆ ತಿರುಪನ್ನು ಗಾಳಿ ನೋಡಿ ಒಂದಿಷ್ಟು ತಿರುವಿ, ಕೋಲನ್ನು ಮೊದಲಿದ್ದ ಹಾಗೆಯೇ ಒರಗಿಸಿಡುತ್ತಾಳೆ.